ಸ್ಟಿಯರಿಂಗ್ ಬಿರುಕಿಗೆ ಎಷ್ಟು ದುಡ್ಡು?

ಹಳೇ ಕಾರು ಇಟ್ಟುಕೊಂಡವರ ಕೈಗೆ ನಾಲ್ಕು ಕಾಸು ಬಂದರೆ ಮೊದಲು ಹೊರಮೈಗೆ ಬಣ್ಣ ಹೊಡೆಸುತ್ತಾರೆ. ನನ್ನ ಲೆಕ್ಕ ಬೇರೆ. ಕಾರು ಓಡಿಸುವಷ್ಟು ಹೊತ್ತೂ ಕೈ ಇರುವುದು ಸ್ಟಿಯರಿಂಗ್ ಮೇಲೆ. ಮೊದಲು ಅದಕ್ಕೆ ಖರ್ಚು ಮಾಡಬೇಕು. ಅದೂ ಹೊಸದನ್ನು ಕೊಳ್ಳಲಿಕ್ಕಲ್ಲ, ಇರುವುದನ್ನು ಉಳಿಸಿಕೊಳ್ಳಲಿಕ್ಕೆ.

ನಮ್ಮ ಪ್ರೀಮಿಯರ್ ಪದ್ಮಿನಿಯ ಸ್ಟಿಯರಿಂಗ್ ಅಲ್ಲಲ್ಲಿ ಸೀಳಿ, ಬೆರಳಿಗೆ ತರಚುತ್ತಿತ್ತು. ಒಳಗೆ ಉಕ್ಕಿನ ಬಳೆ, ಮೇಲೆ ಗಟ್ಟಿ ಪ್ಲಾಸ್ಟಿಕ್. ವರ್ಷಗಟ್ಟಲೆ ಬಿಸಿಲು ಕುಡಿದ ಪ್ಲಾಸ್ಟಿಕ್ ಕುಗ್ಗುತ್ತದೆ, ಉಕ್ಕು ಜಗ್ಗುವುದಿಲ್ಲ. ಬಿರುಕು ಬಿಡುವುದು ಹೀಗೆ. ಪದ್ಮಿನಿ ತಯಾರಿಕೆ ನಿಂತೇ ಎರಡು ದಶಕ ದಾಟಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬದಲಿ ಸ್ಟಿಯರಿಂಗ್ ಹುಡುಕಬಹುದು. ಆದರೆ ಮೂಲದ ಹಿಡಿತ, ಮೂಲದ ಅಳತೆ ಅದರಲ್ಲಿ ಸಿಗುತ್ತದೆಂಬ ಭರವಸೆ ನನಗಿಲ್ಲ.

ಒಳಗಿನ ಉಕ್ಕು ಬಾಗಿದ್ದರೆ, ತುಕ್ಕು ತಿಂದಿದ್ದರೆ, ನಡುವಿನ ಹಲ್ಲುಗಳು ಸವೆದಿದ್ದರೆ ರಿಪೇರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ಬದಲಿಸಿ. ಪ್ಲಾಸ್ಟಿಕ್ ಮಾತ್ರ ಸೀಳಿದ್ದರೆ ಮನೆಯಲ್ಲೇ ಆಗುವ ಕೆಲಸ. ಬ್ಯಾಟರಿ ವೈರ್ ತೆಗೆದು, ಶಾಫ್ಟಿಗೂ ಸ್ಟಿಯರಿಂಗಿಗೂ ಗುರುತು ಹಾಕಿ, ಪುಲ್ಲರ್‌ನಿಂದ ಬಿಚ್ಚಬೇಕು. ಸುತ್ತಿಗೆ ಏಟು ಬೇಡ. ಪುಲ್ಲರ್ ಕೊಳ್ಳಬೇಕೆಂದೇನೂ ಇಲ್ಲ, ಪರಿಚಯದ ಗ್ಯಾರೇಜಿನಲ್ಲಿ ಕೇಳಿದರೆ ಕೊಡುತ್ತಾರೆ.

ಬಿರುಕು ತುಂಬುವ ಮೊದಲು ಅದನ್ನು ಅಗಲ ಮಾಡಬೇಕು. ಕೂದಲೆಳೆಯಂಥ ಸೀಳಿನೊಳಗೆ ಅಂಟು ಇಳಿಯುವುದಿಲ್ಲ. ಸಣ್ಣ ಅರದಿಂದ ಕಾಲುವೆಯ ಹಾಗೆ ಕೊರೆದು, ವರ್ಷಗಳ ಬೆವರು, ಎಣ್ಣೆ, ಪಾಲಿಶ್ ಎಲ್ಲ ಹೋಗುವಂತೆ ಸೋಪುನೀರಲ್ಲಿ ತಿಕ್ಕಿ ತೊಳೆದು ಒಣಗಿಸಿದೆ. ಜಿಡ್ಡು ಉಳಿದರೆ ಎಂಥ ಎಪಾಕ್ಸಿಯೂ ಕಿತ್ತು ಬರುತ್ತದೆ. ಎರಡು ಟ್ಯೂಬಿನ ಎಪಾಕ್ಸಿಯನ್ನು ಸಮಸಮ ಕಲಸಿ, ಮಟ್ಟಕ್ಕಿಂತ ತುಸು ಉಬ್ಬುವಂತೆ ತುಂಬಿ, ಗಟ್ಟಿಯಾಗಲು ಬಿಟ್ಟೆ. ಆಮೇಲೆ 120, 240, 400ನೇ ನಂಬರಿನ ವಾಟರ್ ಪೇಪರ್. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಜೋಡಣೆ ಸಿಗದಿದ್ದರೆ ಅಲ್ಲಿಗೆ ಮುಗಿಯಿತು.

ಇಲ್ಲಿಯವರೆಗಿನ ಸಾಮಾನು ಕೆಲವೇ ನೂರು ರೂಪಾಯಿಯದು. ಬಣ್ಣದಲ್ಲಿ ಮಾತ್ರ ಜಿಪುಣತನ ಬೇಡ. ಅಗ್ಗದ ಸ್ಪ್ರೇ ಡಬ್ಬಿಯ ಬಣ್ಣ ಕೈಬೆವರಿಗೆ ಅಂಟಂಟಾಗುತ್ತದೆ. ಪ್ರೈಮರ್, ಅದರ ಮೇಲೆ ಹಾರ್ಡ್‌ನರ್ ಬೆರೆಸಿದ ಬಣ್ಣ ಬೇಕು. ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮನೆಯಲ್ಲಿ ಹೊಡೆಯಲೇಬಾರದು. ಪೇಂಟರ್ ಬೇರೆ ಕಾರಿಗೆ ಅದೇ ಬಣ್ಣ ಕಲಸಿದ ದಿನವೇ ನಿಮ್ಮದನ್ನೂ ಕೊಡಿ. ಬಣ್ಣಕ್ಕೂ ಗನ್ ತೊಳೆಯುವ ತಿನ್ನರಿಗೂ ಪ್ರತ್ಯೇಕ ದುಡ್ಡು ತೆರಬೇಕಿಲ್ಲ.

ನನಗೆ ಹೀಗೆ ಉಳಿದ ಹಣ ಟೈರಾಡ್ ಎಂಡ್‌ಗಳಿಗೂ ವೀಲ್ ಅಲೈನ್‌ಮೆಂಟಿಗೂ ಹೋಯಿತು.