ಹತ್ತು ಸಾವಿರ ಉಳಿಸಿದ್ದು

ಏನೇ ಕೊಂಡು ತಂದರೂ ನಮ್ಮಮ್ಮ ಕೇಳುವುದು ಒಂದೇ ಪ್ರಶ್ನೆ: "ಮಾರಿದ್ರೆ ಎಷ್ಟು ಬರುತ್ತೆ?" ಎಷ್ಟು ಕೊಟ್ಟೆ ಎಂಬುದು ಅವಳಿಗೆ ಎರಡನೇ ಮಾತು. ಬಂಗಾರಕ್ಕೆ ಈ ಪ್ರಶ್ನೆ ಸರಿ, ಸ್ಕೂಟರಿಗೂ ಸರಿ. ಅವಳು ಸ್ಟೀಲ್ ಡಬರಿಗೂ ಅದನ್ನೇ ಕೇಳುತ್ತಿದ್ದಳು. ಹಾಸನದ ನಮ್ಮ ಬೀದಿಗೆ ಹಳೇ ಪಾತ್ರೆ ತೂಕಕ್ಕೆ ಹಾಕಿಕೊಂಡು ಹೊಸದು ಕೊಡುವವನು ಬಂದ ದಿನ ಅವಳ ಲೆಕ್ಕ ನಮಗೆಲ್ಲ ಅರ್ಥವಾಗುತ್ತಿತ್ತು. 2021ರ ಮಳೆಗಾಲದಲ್ಲಿ ನಾನು ಪ್ಲೇಸ್ಟೇಷನ್ 5 ತಂದು ಬೆಂಗಳೂರಿನ ವಿಜಯನಗರದ ಮನೆಯ ಟಿವಿ ಪಕ್ಕ ನಿಲ್ಲಿಸಿದಾಗಲೂ ಫೋನಿನಲ್ಲಿ ಅದನ್ನೇ ಕೇಳಿದಳು. ನಾನು ನಕ್ಕುಬಿಟ್ಟೆ. ಆ ನಗುವಿಗೆ ನಾನು ತೆತ್ತದ್ದು ₹18,993 ಎಂದು ಲೆಕ್ಕ ಸಿಕ್ಕಿದ್ದು ಮೂರು ವರ್ಷದ ಮೇಲೆ.

ಕನ್ಸೋಲ್‌ಗಳ ಬೆಲೆಯ ಜಗಳ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಇವತ್ತಿಗೂ ಮುಗಿದಿಲ್ಲ. "ಐವತ್ತು ಸಾವಿರ ಕೊಟ್ಟು ಆಟದ ಸಾಮಾನು ತರ್ತಾರೇನ್ರೀ?" ಎಂದು ಒಬ್ಬರು ಶುರು ಮಾಡುತ್ತಾರೆ. ಅವರ ಎಂಬತ್ತು ಸಾವಿರದ ಫೋನನ್ನು ಇನ್ನೊಬ್ಬ ಬೆರಳಲ್ಲಿ ತೋರಿಸಿ, "ಅದ್ರಲ್ಲಿ ನೀವು ನೋಡೋದು ರೀಲ್ಸ್ ತಾನೆ?" ಅನ್ನುತ್ತಾನೆ. ಮೂರನೆಯವನು ಪಿಸಿ ಪಂಗಡ. "ಎಸ್.ಪಿ. ರೋಡಿಗೆ ಹೋಗಿ ಒಂದು ಪಿಸಿ ಕಟ್ಟಿಸ್ಕೊಳ್ಳಿ, ಆಟಾನೂ ಆಯ್ತು, ಕೆಲಸಾನೂ ಆಯ್ತು" ಎನ್ನುವುದು ಅವನ ನಿತ್ಯಪಾಠ. 2021ರಲ್ಲಿ ಕ್ರಿಪ್ಟೊ ಅಗೆಯುವವರ ಹಾವಳಿಯಿಂದ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೇ ಇಡೀ ಕನ್ಸೋಲಿನ ದುಡ್ಡು ಬೇಕಿತ್ತಲ್ಲ ಎಂದರೆ ಸಾಂಬಾರಿನ ಕಡೆ ತಿರುಗುತ್ತಿದ್ದ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅನ್ನು ₹34,990ಕ್ಕೆ ತಂದ ನಾಲ್ಕನೆಯವನೊಬ್ಬ ಮಾತ್ರ ಮಾತೇ ಆಡದೆ ಮೊಸರನ್ನ ತಿಂದು ಏಳುತ್ತಿದ್ದ. ಎಲ್ಲರ ಮಾತಲ್ಲೂ ಒಂದಿಷ್ಟು ನಿಜವಿತ್ತು. ಆದರೆ ಎಲ್ಲರೂ ಎಣಿಸುತ್ತಿದ್ದುದು ಡಬ್ಬದ ಮೇಲೆ ಅಚ್ಚಾದ ಬೆಲೆಯನ್ನು. ನಾನೂ ಅಷ್ಟೇ.

ಪಿಎಸ್5 ಅಮೆರಿಕ, ಜಪಾನಿನಲ್ಲಿ 2020ರ ನವೆಂಬರ್ 12ಕ್ಕೆ ಮಾರಾಟಕ್ಕೆ ಬಂತು. ನಮಗೆ ದಕ್ಕಿದ್ದು 2021ರ ಫೆಬ್ರವರಿ 2ಕ್ಕೆ. ಡಿಸ್ಕ್ ಹಾಕುವ ಮಾದರಿಗೆ ₹49,990, ಡಿಸ್ಕ್ ಇಲ್ಲದ ಡಿಜಿಟಲ್ ಎಡಿಷನ್‌ಗೆ ₹39,990. ಜನವರಿ 12ರ ಪ್ರೀ-ಆರ್ಡರ್ ನಿಮಿಷಗಳಲ್ಲಿ ಖಾಲಿ. ನನ್ನ ಭಾವಮೈದುನ ಅವತ್ತು ಮೂರು ಫೋನು, ಒಂದು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು, ಹೆಂಡತಿಯನ್ನೂ ಒಂದು ಫೋನಿಗೆ ಕೂರಿಸಿ, ಡಿಸ್ಕ್ ಮಾದರಿ ಹಿಡಿದ. ನನಗೆ ಸಿಗಲಿಲ್ಲ. ಆಮೇಲೆ ವಿಚಾರಿಸಿದ ಅಂಗಡಿಯೊಂದರಲ್ಲಿ "ಇದೆ ಸಾರ್, ಆದ್ರೆ ಎರಡು ಗೇಮು, ಒಂದು ಎಕ್ಸ್‌ಟ್ರಾ ಕಂಟ್ರೋಲರ್ ಜೊತೇಲೇ ತಗೋಬೇಕು" ಅಂದರು. ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಬೇಕಾದರೆ ಸೋಪೂ ತಗೋ ಅನ್ನುತ್ತಿದ್ದ ಕಾಲ ನೆನಪಾಗಿ ವಾಪಸ್ ಬಂದೆ.

ಮಳೆಗಾಲದಲ್ಲಿ ಡಿಜಿಟಲ್ ಎಡಿಷನ್ ಕೈಗೆ ಸಿಕ್ಕಿತು. ಒಳಗಿನ ಚಿಪ್ ಅದೇ, ಚಿತ್ರದ ಗುಣ ಅದೇ, ಡಿಸ್ಕ್ ತೂರಿಸುವ ಬಾಯೊಂದು ಇಲ್ಲ. ಒಂದು ಬಾಯಿಗೆ ಹತ್ತು ಸಾವಿರವೇ? ಈ ಕಾಲದಲ್ಲಿ ಡಿಸ್ಕ್ ಯಾರು ಕೊಳ್ಳುತ್ತಾರೆ? ಸಂಬಂಧಿಕರೆಲ್ಲ ಎಸ್‌ಐಪಿ ಯಾವುದು ಹಾಕಲಿ ಎಂದು ಕೇಳುವುದು ನನ್ನನ್ನು, ಇಷ್ಟು ಸರಳ ಲೆಕ್ಕ ನನಗೆ ತಪ್ಪೀತೇ ಎಂಬ ಗತ್ತಿನಲ್ಲಿ ಒಂಬತ್ತು ತಿಂಗಳ 'ನೋ ಕಾಸ್ಟ್' ಇಎಂಐಗೆ ಹಾಕಿಸಿದೆ. (ಆ ಗತ್ತೂ ಸುಳ್ಳೇ. ಬಡ್ಡಿಯಷ್ಟು ಹಣವನ್ನು ರಿಯಾಯಿತಿ ಎಂದು ಕಳೆದಿದ್ದರು, ಆದರೆ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿಯೂ ಪ್ರೊಸೆಸಿಂಗ್ ಶುಲ್ಕವೂ ಬಿಲ್ಲಿನಲ್ಲಿ ತಣ್ಣಗೆ ಕೂತಿದ್ದವು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಆ ಸುತ್ತೋಲೆಯ ಬಗ್ಗೆ ಬರೆದವನೂ ನಾನೇ.)

ನಾನು ಮರೆತದ್ದು ನನ್ನದೇ ಬಾಲ್ಯವನ್ನು. ಹಾಸನದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ವಿಡಿಯೊ ಗೇಮ್ ಅಂಗಡಿಯಲ್ಲಿ ರೂಪಾಯಿಗೊಂದು ಕಾಯಿನ್ನು. ಅಲ್ಲಿ ನಾವೆಲ್ಲ 'ಮುಸ್ತಫಾ' ಎಂದು ಕರೆಯುತ್ತಿದ್ದ ಆಟಕ್ಕೆ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಇಟ್ಟ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಎಂದು ತಿಳಿದಾಗ ನನಗೆ ಮದುವೆಯಾಗಿತ್ತು. ನಂತರ ಮನೆಗೇ ಬಂತು ಟಿವಿ ಗೇಮ್. ಜಪಾನಿನ ನಿಂಟೆಂಡೊ 1983ರಲ್ಲಿ 14,800 ಯೆನ್‌ಗೆ ಮಾರಿದ ಫ್ಯಾಮಿಕಾಮ್‌ನ ಹೆಸರಿಲ್ಲದ ನಕಲು ಅದು. ಜೊತೆಗೆ ಕೊಟ್ಟ ಕ್ಯಾಸೆಟ್ಟಿನ ಮೇಲೆ '9999 ಇನ್ 1' ಎಂದಿತ್ತು, ಇದ್ದದ್ದು ಹತ್ತೋ ಹನ್ನೆರಡೋ ಆಟ, ಉಳಿದದ್ದೆಲ್ಲ ಅವೇ ಬೇರೆ ಹೆಸರಲ್ಲಿ. ಆದರೆ ಆ ಕ್ಯಾಸೆಟ್ಟಿಗೆ ಒಂದು ಗುಣವಿತ್ತು. ಬೇಜಾರಾದರೆ ಅಂಗಡಿಗೆ ಒಯ್ದು, ಮೇಲೆ ಇಪ್ಪತ್ತು ರೂಪಾಯಿ ಕೊಟ್ಟರೆ ಬೇರೆಯದು. 'ಕಾಂಟ್ರಾ' ಆಟದ ಕ್ಯಾಸೆಟ್ಟು ನಮ್ಮ ಮನೆ ಸೇರಿದಾಗ ಅದರ ಮೇಲೆ ಯಾರೋ ಬಾಲ್‌ಪೆನ್ನಿನಲ್ಲಿ ಬರೆದ ಮೂರು ಹೆಸರುಗಳಿದ್ದವು. ನಾನು ನಾಲ್ಕನೆಯದನ್ನು ಬರೆದು, ಕೆಳಗಿನ ತಾಮ್ರದ ಹಲ್ಲುಗಳಿಗೆ ಉಫ್ ಎಂದು ಊದಿ ತೂರಿಸಿದ್ದೆ. ಅಪ್ಪ ಕ್ಯಾಸೆಟ್ಟಿಗೆಂದು ಪೂರಾ ದುಡ್ಡು ಕೊಟ್ಟದ್ದು ಒಂದೇ ಸಲ. ಅಮ್ಮನ ಪ್ರಶ್ನೆಗೆ ಆ ಒಂದು ಕ್ಯಾಸೆಟ್ಟು ಐದು ವರ್ಷ ಉತ್ತರ ಹೇಳುತ್ತಲೇ ಇತ್ತು.

ಭಾವಮೈದುನನಿಗೆ ಇದು ಮರೆತಿರಲಿಲ್ಲ, ಅಥವಾ ಅವನಿಗೆ ಅಮ್ಮನ ಬುದ್ಧಿ ಹೇಗೋ ಬಂದಿತ್ತು. ಡಿಸ್ಕ್ ಮಷೀನು ಇದ್ದ ನಾಲ್ವರು ಗೆಳೆಯರನ್ನು ಸೇರಿಸಿ ಅವನು ಶುರು ಮಾಡಿದ್ದು 'ಡಿಸ್ಕ್ ಚೀಟಿ'. ನಮ್ಮ ಕಡೆ ಹೆಂಗಸರು ತಿಂಗಳಿಗೊಮ್ಮೆ ಹಾಕುವ ಚೀಟಿಯ ಥರವೇ. ಹೊಸ ಆಟ ಬಂದಾಗ ತಲೆಗೆ ಒಂದು ಸಾವಿರ. ಸೋನಿಯ ದೊಡ್ಡ ಆಟಗಳಿಗೆ ಪಿಎಸ್4 ಕಾಲದಲ್ಲಿ ₹3,999 ಇದ್ದದ್ದು ಪಿಎಸ್5ಕ್ಕೆ ₹4,999 ಆಗಿತ್ತು. ಐವರ ಐದು ಸಾವಿರಕ್ಕೆ ಒಂದು ರೂಪಾಯಿ ಉಳಿತಾಯ. ಹೆಸರು ಬರೆದ ಚೀಟಿಗಳನ್ನು ಲೋಟದಲ್ಲಿ ಕುಲುಕಿ ಸರದಿ ನಿಗದಿ. ಒಬ್ಬೊಬ್ಬರಿಗೆ ಎರಡು ವಾರ. ಕೊನೆಯವನ ಕೆಲಸ ಅದನ್ನು ಮಾರುವುದು. ಅಷ್ಟು ಹೊತ್ತಿಗೂ ಎರಡೂವರೆ ಸಾವಿರ ಬರುತ್ತಿತ್ತು, ತಲೆಗೆ ಐನೂರು ವಾಪಸ್. 'ಗಾಡ್ ಆಫ್ ವಾರ್ ರಾಗ್ನರಾಕ್' ಬಂದ 2022ರ ನವೆಂಬರಿನಲ್ಲಿ ಐದನೇ ಸರದಿ ಬಂದವನು ಕಥೆ ಕಿವಿಗೆ ಬೀಳಬಾರದೆಂದು ಎರಡು ತಿಂಗಳು ಗೆಳೆಯರ ಫೋನೇ ಎತ್ತಲಿಲ್ಲವಂತೆ.

2024ರ ಒಂದು ಭಾನುವಾರ ಅವನ ಮನೆಯಲ್ಲಿ ಊಟ ಮುಗಿಸಿ ಪಟ್ಟಾಂಗ ಹೊಡೆಯುವಾಗ ಅವನು ಲೆಕ್ಕದ ಪುಸ್ತಕ ತೆಗೆದ. ಮೂರು ವರ್ಷದಲ್ಲಿ ಹನ್ನೆರಡು ಆಟ, ಒಂದಕ್ಕೆ ಐನೂರರಂತೆ ಆರು ಸಾವಿರ. ಮಷೀನಿನ ₹49,990 ಸೇರಿ ₹55,990. ನಾನು ಮೊಬೈಲಿನಲ್ಲಿ ನನ್ನ ಖರೀದಿ ಪಟ್ಟಿ ತೆರೆದೆ. ಏಳು ಆಟ, ಏಳೂ ಬಿಡುಗಡೆಯ ವಾರದಲ್ಲೇ ಪೂರಾ ಬೆಲೆಗೆ ಕೊಂಡವು: ₹34,993. ಮಷೀನಿನ ₹39,990 ಸೇರಿ ₹74,983. ಐದು ಆಟ ಕಡಿಮೆ ಆಡಿ, ಅವನಿಗಿಂತ ಹತ್ತೊಂಬತ್ತು ಸಾವಿರಕ್ಕೆ ಏಳೇ ರೂಪಾಯಿ ಕಡಿಮೆಯಷ್ಟು ಹೆಚ್ಚು ಖರ್ಚು ಮಾಡಿದ್ದೆ. "ಭಾವ, ಇನ್ನೊಂದು ಒಬ್ಬಟ್ಟು?" ಎಂದ ಅವನು, ಬಹಳ ಮೃದುವಾಗಿ.

ನನ್ನ ಪರವಾಗಿಯೂ ಎರಡು ಮಾತು ಹೇಳಬೇಕು. ಡಿಜಿಟಲ್ ಅಂಗಡಿಯಲ್ಲೂ ರಿಯಾಯಿತಿ ಉಂಟು. ಒಂದು ವರ್ಷ ತಾಳ್ಮೆ ಇದ್ದವರಿಗೆ ಅರ್ಧ ಬೆಲೆಗೂ ಆಟ ಸಿಗುತ್ತದೆ. ವರ್ಷದ ಚಂದಾ ಕಟ್ಟಿ ಹತ್ತಾರು ಹಳೆಯ ಆಟ ಆಡುವವರಿಗೆ ಡಿಸ್ಕಿನ ಗೊಡವೆಯೇ ಬೇಡ. ಕ್ಯಾಂಟೀನಿನಲ್ಲಿ ಮೊಸರನ್ನ ತಿಂದು ಏಳುತ್ತಿದ್ದನಲ್ಲ, ಅವನು ಆ ಜಾತಿ. ನಮ್ಮೆಲ್ಲರಿಗಿಂತ ಕಡಿಮೆ ಖರ್ಚು ಅವನದೇ ಇರಬೇಕು. ನನಗೆ ಆ ತಾಳ್ಮೆ ಇರಲಿಲ್ಲ. ಹೊಸ ಆಟ ಮೊದಲ ವಾರವೇ ಬೇಕು ಎನ್ನುವವನು ಡಿಸ್ಕ್ ಇಲ್ಲದ ಮಷೀನು ಕೊಂಡರೆ, ಇರುವುದು ಒಂದೇ ಅಂಗಡಿ. ಅಲ್ಲಿ ಚೌಕಾಸಿ ಇಲ್ಲ, ಪಕ್ಕದ ಅಂಗಡಿ ಇಲ್ಲ, ಅಗ್ಗದ ನ್ಯಾಷನಲ್ ಮಾರ್ಕೆಟ್ ಇಲ್ಲ.

ಹಾಗಾದರೆ ಕಂಪನಿಗಳು ಡಿಸ್ಕ್ ಇಲ್ಲದ್ದನ್ನು ಅಷ್ಟು ಅಗ್ಗಕ್ಕೆ ಏಕೆ ಕೊಡುತ್ತವೆ? ಡಿಸ್ಕ್ ಡ್ರೈವಿಗೆ ಹತ್ತು ಸಾವಿರ ರೂಪಾಯಿಯ ಖರ್ಚು ಎಲ್ಲಿಂದ ಬರಬೇಕು? ಈ ವ್ಯಾಪಾರದಲ್ಲಿ ದುಡ್ಡು ಪೆಟ್ಟಿಗೆಯಲ್ಲಿಲ್ಲ. ಎಕ್ಸ್‌ಬಾಕ್ಸ್ ಪೆಟ್ಟಿಗೆ ಮಾರಿ ತಾವು ಎಂದೂ ಲಾಭ ಕಂಡಿಲ್ಲ ಎಂದು ಮೈಕ್ರೊಸಾಫ್ಟ್ ಅಧಿಕಾರಿ 2021ರಲ್ಲಿ, ಎಪಿಕ್ ಮತ್ತು ಆ್ಯಪಲ್ ಕಂಪನಿಗಳ ಮೊಕದ್ದಮೆಯಲ್ಲಿ ಸಾಕ್ಷಿ ನುಡಿದರು. ಡಿಸ್ಕ್ ಇರುವ ಪಿಎಸ್5 ಈಗ ನಷ್ಟದಲ್ಲಿ ಮಾರುವ ಸ್ಥಿತಿ ದಾಟಿದೆ ಎಂದು ಸೋನಿ ಹೇಳಿದ್ದು ಅದೇ ವರ್ಷದ ಆಗಸ್ಟಿನಲ್ಲಿ. ಲಾಭವೆಲ್ಲ ಆಟಗಳಲ್ಲಿ, ಚಂದಾದಲ್ಲಿ, ತಮ್ಮ ಅಂಗಡಿಯಲ್ಲಿ ಬೇರೆಯವರು ಮಾರುವುದರ ಪಾಲಿನಲ್ಲಿ. ಭಾವಮೈದುನನ ಚೀಟಿಯಲ್ಲಿ ಐವರು ಆಡಿದ ಆಟದ ಡಿಸ್ಕ್ ಕಂಪನಿಗೆ ಒಂದೇ ಸಲ ದುಡ್ಡು ತರುತ್ತದೆ. ನನ್ನಂಥ ಐವರಿದ್ದರೆ ಐದು ಸಲ. ಹತ್ತು ಸಾವಿರ ಬಿಟ್ಟುಕೊಟ್ಟು ನನ್ನನ್ನು ಆ ಒಂದೇ ಅಂಗಡಿಯ ಖಾಯಂ ಗಿರಾಕಿ ಮಾಡಿಕೊಂಡಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಮಾಡುತ್ತಿದ್ದುದು ಅದನ್ನೇ.

ಡಿಸ್ಕಿನ ಈ ಜಗಳಕ್ಕೆ ಒಂದು ಇತಿಹಾಸವೂ ಇದೆ. 2013ರ ಜೂನಿನಲ್ಲಿ ಲಾಸ್ ಏಂಜಲೀಸ್‌ನ ಇ3 ಮೇಳದ ಹೊತ್ತಿಗೆ ಎಕ್ಸ್‌ಬಾಕ್ಸ್ ಒನ್‌ಗೆ 499 ಡಾಲರ್ ಎಂದಾಗಿತ್ತು. ಜೊತೆಗೆ ದಿನಕ್ಕೊಮ್ಮೆ ಇಂಟರ್ನೆಟ್ಟಿಗೆ ಹಾಜರಿ ಹಾಕಬೇಕು, ಆಡಿದ ಡಿಸ್ಕನ್ನು ಮಾರಲು, ಕೊಡಲು ಕಟ್ಟುಪಾಡು. ಸೋನಿ ವೇದಿಕೆ ಹತ್ತಿ, ನಮ್ಮದು 399 ಡಾಲರ್, ಡಿಸ್ಕ್ ನಿಮ್ಮದು, ಯಾರಿಗಾದರೂ ಕೊಡಿ ಎಂದದ್ದಕ್ಕೆ ಸಭಾಂಗಣವೇ ಎದ್ದು ಕೂಗಿತು. ಹತ್ತು ದಿನದೊಳಗೆ ಮೈಕ್ರೊಸಾಫ್ಟ್ ತನ್ನ ನಿಯಮಗಳನ್ನು ಹಿಂತೆಗೆದುಕೊಂಡಿತು. ಅದೇ ಸೋನಿ 2024ರ ನವೆಂಬರಿನಲ್ಲಿ 699.99 ಡಾಲರಿಗೆ ಪಿಎಸ್5 ಪ್ರೊ ತಂದಾಗ ಅದರಲ್ಲಿ ಡಿಸ್ಕ್ ಡ್ರೈವೇ ಇಲ್ಲ, ಬೇಕಾದವರು ಬೇರೆ ಕೊಳ್ಳಬೇಕು! (ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ನಮ್ಮಲ್ಲಿ ಅನುಮತಿ ಇಲ್ಲದ್ದರಿಂದ ಪ್ರೊ ಆಗ ಭಾರತಕ್ಕೆ ಬರಲೇ ಇಲ್ಲ. ನನ್ನ ಒಂದು ಇಎಂಐ ತಪ್ಪಿಸಿದ ಶ್ರೇಯ ದೂರಸಂಪರ್ಕ ನಿಯಮಗಳದ್ದು.) ನಿಂಟೆಂಡೊ ಸ್ವಿಚ್ 2ರ ಕೆಲವು ಆಟಗಳ ಕಾರ್ಡಿನೊಳಗಂತೂ ಆಟವೇ ಇಲ್ಲ, ಡೌನ್‌ಲೋಡ್ ಮಾಡಿಕೊಳ್ಳುವ ಕೀಲಿ ಮಾತ್ರ. ಆದರೂ ಆ ಕೀಲಿಯನ್ನು ಇನ್ನೊಬ್ಬರಿಗೆ ಮಾರಬಹುದು. ನನ್ನ ಏಳು ಆಟಕ್ಕಿಂತ ಅದು ವಾಸಿ.

"ಸ್ವಲ್ಪ ಕಾಯಿರಿ, ಬೆಲೆ ಇಳಿಯುತ್ತೆ" ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹಿಂದೆ ಅದು ನಿಜವೂ ಆಗಿತ್ತು. ಅಮೆರಿಕದಲ್ಲಿ 2000ದಲ್ಲಿ 299 ಡಾಲರ್ ಇದ್ದ ಪಿಎಸ್2, 2009ಕ್ಕೆ 99 ಡಾಲರಿಗೆ ಬಂದಿತ್ತು. ಈ ಸಲ ಗಾಳಿ ತಿರುಗಿದೆ. ₹49,990ರ ಪಿಎಸ್5 ನಮ್ಮಲ್ಲಿ 2022ರ ನವೆಂಬರಿನಲ್ಲಿ ₹54,990 ಆಯಿತು. ಅಮೆರಿಕದಲ್ಲೂ 2025ರ ಆಗಸ್ಟಿನಲ್ಲಿ 50 ಡಾಲರ್ ಏರಿತು. ವರ್ಷ ಕಳೆದಂತೆ ಚಿಪ್ ಅಗ್ಗವಾಗುವ ಕಾಲ ಹೋಯಿತು, ಜೊತೆಗೆ ವಿನಿಮಯ ದರ, ಸುಂಕ. ದೀಪಾವಳಿ ಸೇಲಿನಲ್ಲಿ ಐದಾರು ಸಾವಿರ ಇಳಿಯುವುದುಂಟು, ಅದಕ್ಕೆ ಕಾಯಬಹುದು. ಅದಕ್ಕಿಂತ ಹೆಚ್ಚಿಗೆ ಕಾಯಿರಿ ಎಂದು ಹೇಳುವ ಧೈರ್ಯ ಈಗ ನನಗಿಲ್ಲ. ಆದರೂ ಕಾದವರಿಗೆ ಒಂದು ಲಾಭವಾಯಿತು: 2024ರ ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಂದ ಸ್ಲಿಮ್ ಮಾದರಿಯ ಡಿಜಿಟಲ್ ಎಡಿಷನ್‌ಗೆ ಡಿಸ್ಕ್ ಡ್ರೈವನ್ನು ಆಮೇಲೆ ಜೋಡಿಸುವ ಸೌಕರ್ಯವಿದೆ. ನನ್ನ 2021ರ ಮಷೀನಿಗೆ ಅದೂ ಇಲ್ಲ. ಅದನ್ನು ಓದಿದ ದಿನವೇ ಮಾರಲು ನಿರ್ಧರಿಸಿದೆ.

ಕೊಳ್ಳಲು ಬಂದ ಹುಡುಗನಿಗೆ ಇಪ್ಪತ್ತೆರಡು ವರ್ಷವಿದ್ದಿರಬಹುದು. ಮಷೀನು ತಿರುಗಿಸಿ ಮುರುಗಿಸಿ, ಫ್ಯಾನಿನ ಸದ್ದು ಕೇಳಿ, ಕಂಟ್ರೋಲರಿನ ಕಡ್ಡಿ ಅಲುಗಾಡಿಸಿ, "ಗೇಮ್ಸ್ ಏನೇನಿದೆ ಸಾರ್?" ಎಂದ.

"ಏಳಿವೆ. ನನ್ನ ಅಕೌಂಟಿನಲ್ಲಿವೆ."

"ಅಂದ್ರೆ ಇಲ್ಲ," ಎಂದು ಅವನೇ ತೀರ್ಪು ಕೊಟ್ಟ. ಕೊಳ್ಳುವ ಗುಂಡಿ ಒತ್ತಿದರೆ ಸಿಗುವುದು ಪರವಾನಗಿ ಮಾತ್ರ ಎಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು ಅನ್ನುವ ಕಾಯ್ದೆಯನ್ನು ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ ತಂದಿದೆ. ನನಗೆ ಅದನ್ನು ತಿಳಿಸಲು ಈ ಹುಡುಗನ ಎರಡು ಪದ ಸಾಕಾದವು. ಇಪ್ಪತ್ತೆರಡು ಸಾವಿರಕ್ಕೆ ಕುದುರಿತು. ಮಾರನೇ ವಾರ ಮೂವತ್ತಮೂರು ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಡಿಸ್ಕ್ ಮಷೀನು ತಂದೆ. ಮೇಲೆ ಹಾಕಿದ್ದು ಹನ್ನೊಂದು ಸಾವಿರ, ಅಂದರೆ 2021ರಲ್ಲಿ ಉಳಿಸಿದ ಹತ್ತು ಸಾವಿರಕ್ಕೆ ಒಂದು ಸಾವಿರ ಬಡ್ಡಿ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಈಗ ತಂದಿದ್ದು ಮಾರಿದ್ರೆ ಎಷ್ಟು ಬರುತ್ತೆ?" ಎಂದಳು. ಈ ಸಲ ನಗಲಿಲ್ಲ, ವಿಚಾರಿಸಿ ಹೇಳ್ತೀನಿ ಅಂದೆ.

ಚೀಟಿಯ ಗುಂಪಿನಲ್ಲಿ ಒಬ್ಬ ಕೆನಡಾಕ್ಕೆ ಹೋದದ್ದರಿಂದ ಜಾಗ ಖಾಲಿಯಿತ್ತು. ನಾನು ಸಾವಿರ ರೂಪಾಯಿ ಕಳಿಸಿದ ಸಂಜೆಯೇ ಭಾವಮೈದುನ ವಿಡಿಯೊ ಕಾಲ್ ಮಾಡಿ, ಎಲ್ಲರ ಎದುರೇ ಲೋಟ ಕುಲುಕಿ, ಚೀಟಿ ಎತ್ತಿದ. ನನಗೆ ಬಂದದ್ದು ಐದನೇ ಸರದಿ.