ದಾಖಲೆಯ ಉದ್ದ

ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯ ಹೆಸರು ಕಣ್ಣಿಗೆ ನಾಲ್ಕೇ ಅಕ್ಷರ. ಗಣಕಯಂತ್ರವು ಅದನ್ನು ವ್ಯಂಜನ, ಸ್ವರಚಿಹ್ನೆ, ಹಲಂತಗಳೆಂದು ಬಿಡಿಸಿ 10 ಸಂಕೇತಗಳಾಗಿ ಎಣಿಸುತ್ತದೆ. ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟುಗಳು ಬೇಕಾದುದರಿಂದ ಈ ಹೆಸರು 30 ಬೈಟುಗಳಷ್ಟು ಸ್ಥಳವನ್ನು ಹಿಡಿಯುತ್ತದೆ. ಅಥಣಿಗೆ 12 ಸಾಕು.

ಕರ್ನಾಟಕದ ಪಹಣಿಗಳು 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯ ಮೂಲಕ ಗಣಕಕ್ಕೇರಿದವು. ಒಂದು ಸರ್ವೆ ನಂಬರಿಗೆ ಒಬ್ಬನೇ ಖಾತೆದಾರನಿರಬಹುದು. ಜಂಟಿ ಖಾತೆಯಾದರೆ ಅಣ್ಣತಮ್ಮಂದಿರ ಹತ್ತು ಹೆಸರುಗಳಿರಬಹುದು. ಇಂಥ ದಾಖಲೆಗಳಿಗೆಲ್ಲ ಸಮನಾದ ಸ್ಥಳವನ್ನು ಮೀಸಲಿಟ್ಟರೆ ಒಂದೆಡೆ ಜಾಗ ವ್ಯರ್ಥವಾಗುತ್ತದೆ. ಇನ್ನೊಂದೆಡೆ ಕಿರಿಯ ತಮ್ಮನ ಹೆಸರೇ ಹೊರಗುಳಿಯುತ್ತದೆ. ಜಮೀನಿನ ಮೇಲೆ ಸಾಲ ಕೇಳಲು ಹೋದವನಿಗೆ ಇದು ಸಣ್ಣ ತಪ್ಪಲ್ಲ.

ಆದುದರಿಂದ ದಾಖಲೆಯ ಉದ್ದ ಬದಲಾಗುವಂತಿರಬೇಕು. ಆಗ ಅದು ಎಲ್ಲಿ ಮುಗಿಯಿತೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಗಣಕಭಾಷೆಗಳ ರೂಢಿ ಒಂದೊಂದರದು ಒಂದೊಂದು ಬಗೆ. ಕೋಬಾಲಿನಲ್ಲಿ ಹೆಸರುಗಳ ಸಂಖ್ಯೆಯನ್ನು ನಮೂದಿಸಿ ಅದಕ್ಕೆ ತಕ್ಕಂತೆ ಪಟ್ಟಿಯನ್ನು ಹಿಗ್ಗಿಸಬಹುದು. ಸಿ ಭಾಷೆಯು ಉದ್ದವನ್ನು ಹೇಳದೆ, ಪದದ ಕೊನೆಗೆ ಸೊನ್ನೆ ಬೆಲೆಯ ಬೈಟೊಂದನ್ನು ಇಡುತ್ತದೆ. ಫೋರ್ಟ್ರಾನಿನಲ್ಲಿ ಅನೇಕ ವೇಳೆ ದಾಖಲೆಯ ಆದಿಯಲ್ಲೂ ಅಂತ್ಯದಲ್ಲೂ ಅದರ ಉದ್ದವು ಬರೆಯಲ್ಪಡುತ್ತದೆ. ಇದನ್ನರಿಯದೆ ಬರೆದ ಸಿ ಪ್ರೋಗ್ರಾಮು ಆ ಅಂಕಿಯನ್ನೇ ಹೆಸರಿನ ಭಾಗವೆಂದು ಓದಿಬಿಡುತ್ತದೆ.

ಎಣಿಕೆಯ ಮಾನವೂ ಒಂದೇ ಅಲ್ಲ. ದಿಗ್ಗೇವಾಡಿಯ ಉದ್ದವನ್ನು ಕೇಳಿದರೆ ಪೈಥಾನ್ ಭಾಷೆ 10 ಎನ್ನುತ್ತದೆ, ಸಿ ಭಾಷೆ 30 ಎನ್ನುತ್ತದೆ. ಎರಡೂ ಸರಿಯೇ. ಆದರೆ ಒಂದು ಬರೆದ 10ನ್ನು ಇನ್ನೊಂದು 10 ಬೈಟುಗಳೆಂದು ತಿಳಿದರೆ, ಹೆಸರು ‘ದಿಗ’ ಎಂಬಲ್ಲಿಗೆ ತುಂಡಾಗುತ್ತದೆ. ಉಳಿದ ಬೈಟುಗಳು ಮುಂದಿನ ದಾಖಲೆಯೊಳಗೆ ನುಗ್ಗುತ್ತವೆ. ಅಲ್ಲಿಂದಾಚೆಗೆ ಯಾವ ಖಾತೆದಾರನ ಹೆಸರೂ ತನ್ನ ಸ್ಥಳದಲ್ಲಿರದು.