ಆರೋಗ್ಯ ಪ್ರಶ್ನೋತ್ತರ: ಹೃದಯ ವೈಫಲ್ಯ ಮತ್ತು ನಡಿಗೆಯ ಆಯಾಸ

ಪ್ರಶ್ನೆ: ಹೃದಯ ವೈಫಲ್ಯಕ್ಕೆ ಔಷಧಿ ಸೇವಿಸುತ್ತಿರುವ 62 ವರ್ಷದ ಓದುಗರೊಬ್ಬರ ಇಜೆಕ್ಷನ್ ಫ್ರಾಕ್ಷನ್ ಶೇ 30ರಿಂದ 42ಕ್ಕೆ ಏರಿದ್ದರೂ, ಬೀದಿಯ ತುದಿಯವರೆಗೆ ನಡೆಯುವಷ್ಟರಲ್ಲಿ ಅವರ ಕಾಲು ಸೋಲುತ್ತದೆ. ಮನೆಯವರು ನಡೆಯಲು ಬಿಡುತ್ತಿಲ್ಲ. ವಿಶ್ರಾಂತಿಯೇ ಕ್ಷೇಮವೇ?

ಉತ್ತರ: ಖಂಡಿತ ಅಲ್ಲ. ಎಡ ಹೃತ್ಕುಕ್ಷಿಯು ತನ್ನಲ್ಲಿ ತುಂಬಿದ ರಕ್ತದ ಎಷ್ಟು ಪಾಲನ್ನು ಪ್ರತಿ ಬಡಿತದಲ್ಲಿ ಹೊರತಳ್ಳುತ್ತದೆ ಎಂಬುದೇ ಇಜೆಕ್ಷನ್ ಫ್ರಾಕ್ಷನ್. ಮಲಗಿಸಿ ಅಳೆದ ಈ ಅಂಕಿಯಿಂದ ನಡೆಯುವ ಶಕ್ತಿಯನ್ನು ಊಹಿಸಲಾಗದು. ಆರೋಗ್ಯವಂತ ಹೃದಯವು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್, ಕಠಿಣ ಶ್ರಮದಲ್ಲಿ 15ರಿಂದ 20 ಲೀಟರ್ ರಕ್ತವನ್ನು ಹೊರಹಾಕುತ್ತದೆ. ದುರ್ಬಲ ಹೃದಯಕ್ಕೆ ಅಷ್ಟು ಏರಿಕೆ ಸಾಧ್ಯವಿಲ್ಲ. ಆದರೆ ಕಾಲು ಸೋಲುವುದಕ್ಕೆ ಹೃದಯವೊಂದೇ ಕಾರಣವಲ್ಲ. ರಕ್ತಪೂರೈಕೆಯ ಕೊರತೆಯ ಜೊತೆಗೆ ಜಡತೆಯೂ ಸೇರಿದಾಗ ತೊಡೆಯ ಮಾಂಸಖಂಡಗಳು ಕೃಶವಾಗಿ, ಅವುಗಳೊಳಗಿನ ಲೋಮನಾಳಗಳೂ ಆಮ್ಲಜನಕದಿಂದ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳೂ ಕುಗ್ಗುತ್ತವೆ. ಇಂತಹ ಖಂಡಗಳು ಬೇಗನೆ ದಣಿಯುವುದಲ್ಲದೆ, ಅವುಗಳಿಂದ ಮೆದುಳಿಗೆ ಹೋಗುವ ಸಂಕೇತಗಳು ಉಸಿರಾಟವನ್ನು ಅನಗತ್ಯವಾಗಿ ಕೆರಳಿಸುತ್ತವೆ. ಔಷಧಿಯಿಂದ ಹೃದಯ ಚೇತರಿಸಿಕೊಂಡ ಮಾತ್ರಕ್ಕೆ ಖಂಡಗಳು ಚೇತರಿಸಿಕೊಳ್ಳುವುದಿಲ್ಲ; ಅವುಗಳಿಗೆ ವ್ಯಾಯಾಮವೇ ಬೇಕು.

ನಡೆದರೆ ಹೃದಯ ಸವೆಯುತ್ತದೆ ಎಂಬ ನಂಬಿಕೆಯನ್ನು ಹಿಂದೆ ವೈದ್ಯರೇ ಬೆಳೆಸಿದ್ದರು. ಹಾಸಿಗೆ ಬಿಡಬಾರದೆಂದು ಅವರೇ ವಿಧಿಸುತ್ತಿದ್ದರು. ಇಂದಿಗೂ ಮನೆಯವರು ಪ್ರೀತಿಯ ಹೆಸರಿನಲ್ಲಿ ರೋಗಿಯನ್ನು ಕುರ್ಚಿಗೆ ಅಂಟಿಸುವುದು ಅಪಚಾರವೇ ಸರಿ. 2009ರಲ್ಲಿ ಪ್ರಕಟವಾದ ಎಚ್‌ಎಫ್-ಆ್ಯಕ್ಷನ್ ಅಧ್ಯಯನವು ಇಜೆಕ್ಷನ್ ಫ್ರಾಕ್ಷನ್ ಕಡಿಮೆಯಿದ್ದ 2,331 ರೋಗಿಗಳನ್ನು ಗಮನಿಸಿ, ಸ್ಥಿರ ಸ್ಥಿತಿಯಲ್ಲಿರುವವರಿಗೆ ಕ್ರಮಬದ್ಧ ವ್ಯಾಯಾಮ ಸುರಕ್ಷಿತವೆಂದು ತೋರಿಸಿತು. ಆದರೂ ಹೃದ್ರೋಗ ತಜ್ಞರ ಪರೀಕ್ಷೆಯಿಲ್ಲದೆ ಆರಂಭಿಸಕೂಡದು. ಆರು ನಿಮಿಷಗಳ ನಡಿಗೆ ಪರೀಕ್ಷೆಯ ಜೊತೆಗೆ ಫೆರಿಟಿನ್, ಅಂದರೆ ದೇಹದ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಪ್ರೋಟೀನನ್ನು, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣವನ್ನು ಸಾಗಿಸುವ ಪ್ರೋಟೀನಿನಲ್ಲಿ ಕಬ್ಬಿಣ ತುಂಬಿರುವ ಪ್ರಮಾಣ) ಸಮೇತ ಅಳೆಯಿಸಲೇಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ ದಣಿವು ಹೆಚ್ಚಿಸುವ ಕಬ್ಬಿಣದ ಕೊರತೆ ಇರಬಹುದು, ಮತ್ತು ಈ ರೋಗದಲ್ಲಿ ಅದಕ್ಕೆ ಮಾತ್ರೆಗಿಂತ ರಕ್ತನಾಳದ ಮೂಲಕ ಕೊಡುವ ಕಬ್ಬಿಣವೇ ಹೆಚ್ಚು ಉಪಯುಕ್ತ. ಮೂರು ದಿನಗಳಲ್ಲಿ ತೂಕ 2 ಕಿಲೋ ಏರಿದರೆ, ಪಾದ ಊದಿಕೊಂಡರೆ ಅಥವಾ ಎದೆ ನೋವು, ತಲೆಸುತ್ತು ಕಾಣಿಸಿದರೆ ವ್ಯಾಯಾಮ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವ 70 ವರ್ಷದ ಸ್ಥೂಲಕಾಯದ ಮಹಿಳೆಗೆ ಮೆಟ್ಟಿಲೇರಿದರೆ ಏದುಸಿರು ಬರುತ್ತದೆ. ಇಜೆಕ್ಷನ್ ಫ್ರಾಕ್ಷನ್ ಶೇ 60 ಇರುವುದರಿಂದ ಇದು ವಯಸ್ಸಿನ ದೋಷವೇ?

ಉತ್ತರ: ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗುವಂತಿಲ್ಲ; ಇದೂ ಹೃದಯ ವೈಫಲ್ಯವಾಗಿರಬಹುದು. ಚೆನ್ನಾಗಿ ಸಂಕುಚಿಸುವ ಹೃದಯವೂ ಪೆಡಸಾಗಿದ್ದರೆ ಸರಿಯಾಗಿ ಸಡಿಲಗೊಳ್ಳದೆ, ಶ್ರಮದ ವೇಳೆ ಒಳಗಿನ ಒತ್ತಡ ಏರಿ ಅದು ಶ್ವಾಸಕೋಶಕ್ಕೆ ತಟ್ಟುತ್ತದೆ. ಹೃದಯದ ಮೇಲಿನ ಒತ್ತಡವನ್ನು ಸೂಚಿಸುವ ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆ ಮಾಡಿಸಬೇಕು. ಸ್ಥೂಲಕಾಯದವರಲ್ಲಿ ಅದು ಕಡಿಮೆ ತೋರಿಸಬಹುದಾದ್ದರಿಂದ, ಫಲಿತಾಂಶ ಸಹಜವಾಗಿ ಬಂದರೂ ಏದುಸಿರು ಮುಂದುವರಿದರೆ ವ್ಯಾಯಾಮದ ವೇಳೆ ಮಾಡುವ ಎಕೋ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು.